ತೆರಿಗೆಯನ್ನೇ ಕಟ್ಟದ ಶಾಲೆಗೆ ಸೋಲಾರ್ ತೆರಿಗೆ ರಿಯಾಯಿತಿ ಹೇಗೆ ಸಿಗುತ್ತದೆ?

ಕೊನೇಬೆಂಚು:
ಎಲ್ಲರಿಗೂ ನಮಸ್ಕಾರ. ನಾನು ಒಂದು ಶಾಲೆಯ ಆಡಳಿತ ಮಂಡಳಿಯಲ್ಲಿದ್ದೇನೆ. ಟ್ರಸ್ಟ್ ನಡೆಸುವ ಶಾಲೆ. ಕರೆಂಟ್ ಬಿಲ್ ನೋಡಿ ನೋಡಿ ಸಾಕಾಗಿ, ತಾರಸಿ ಮೇಲೆ ಸೋಲಾರ್ ಹಾಕಿಸೋಣ ಅಂತ 60 ಕಿಲೋವ್ಯಾಟ್‌ಗೆ ಕೊಟೇಶನ್ ತರಿಸಿದೆವು. ಹನ್ನೊಂದು ಪುಟ ಬಂತು. ಮುಖಪುಟದಲ್ಲಿ ನಗುವ ಸೂರ್ಯ, ಏಳನೇ ಪುಟದಲ್ಲಿ ಹಸಿರು ಬಣ್ಣದ ಟೇಬಲ್. ಅದರಲ್ಲಿ ಒಂದು ಸಾಲು: "ತೆರಿಗೆ ಉಳಿತಾಯ, ಮೊದಲ ವರ್ಷ, ಡಿಪ್ರಿಸಿಯೇಶನ್ ಶೇ. 40". ಅಷ್ಟನ್ನೂ ಬೆಲೆಯಿಂದ ಕಳೆದು ಕೆಳಗೆ "ನಿಮ್ಮ ನಿಜವಾದ ಖರ್ಚು" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಸಭೆಯಲ್ಲಿ ಎಲ್ಲರ ಕಣ್ಣೂ ಆ ದಪ್ಪ ಅಕ್ಷರದ ಮೇಲೆಯೇ ಇತ್ತು. ನಮ್ಮ ಖಜಾಂಚಿ ವಯಸ್ಸಾದವರು. ಕನ್ನಡಕ ಹಣೆಗೇರಿಸಿ, ಆ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, "ಅಲ್ರೀ, ನಾವು ತೆರಿಗೆನೇ ಕಟ್ಟಲ್ವಲ್ಲ, ಉಳಿಯೋದು ಎಲ್ಲಿಂದ?" ಅಂದರು. ಬಂದಿದ್ದ ಸೇಲ್ಸ್‌ನವರು "ಅದನ್ನ ನಿಮ್ಮ ಆಡಿಟರ್ ನೋಡ್ಕೋತಾರೆ ಸರ್" ಅಂತ ಹೇಳಿ ಎಂಟನೇ ಪುಟಕ್ಕೆ ಹೋಗಿಬಿಟ್ಟರು.

ಆ ಪ್ರಶ್ನೆ ಚಿಹ್ನೆ ಆವತ್ತಿನಿಂದ ತಲೆಯಲ್ಲೇ ಕೂತಿದೆ. ಶಾಲೆಗೆ ಸೋಲಾರ್ ತೆರಿಗೆ ರಿಯಾಯಿತಿ ಅಂತ ನಿಜವಾಗಿ ಏನಾದರೂ ಇದೆಯಾ? ಗೊತ್ತಿರುವವರು ಹೇಳಿ.

ಜಮಾಖರ್ಚು:
ಖಜಾಂಚಿಯವರಿಗೆ ನನ್ನದೊಂದು ನಮಸ್ಕಾರ ಹೇಳಿ. ಆ ಸಾಲಿನಲ್ಲಿ ಒಂದಲ್ಲ, ಎರಡು ತಪ್ಪಿವೆ.

ಮೊದಲನೆಯದು ಅವರು ಹಿಡಿದದ್ದೇ. ಭಾರತದಲ್ಲಿ ನೋಂದಣಿಯಾದ ಶೈಕ್ಷಣಿಕ ಟ್ರಸ್ಟ್ ತನ್ನ ಆದಾಯದ ಶೇ. 85ರಷ್ಟನ್ನು ತನ್ನ ಉದ್ದೇಶಕ್ಕೆ ಖರ್ಚು ಮಾಡಿದರೆ ಆ ಆದಾಯಕ್ಕೆ ತೆರಿಗೆ ಇಲ್ಲ. ಪ್ಯಾನೆಲ್ ಕೊಂಡ ದುಡ್ಡೂ ಆ ಶೇ. 85ರ ಲೆಕ್ಕಕ್ಕೆ ಸೇರುತ್ತದೆ. ಸರಿ, ಆದರೆ ಒಮ್ಮೆ ಹಾಗೆ ಸೇರಿಸಿದ ಮೇಲೆ ಅದೇ ಪ್ಯಾನೆಲ್ ಮೇಲೆ ಡಿಪ್ರಿಸಿಯೇಶನ್, ಅಂದರೆ ಸವಕಳಿಯ ಕಡಿತ, ಕೇಳುವ ಹಾಗಿಲ್ಲ. ಮೊದಲು ಎರಡನ್ನೂ ತೆಗೆದುಕೊಳ್ಳುತ್ತಿದ್ದರು, ಅದರ ಮೇಲೆ ಕೇಸುಗಳೂ ನಡೆದವು. 2014ರ ಹಣಕಾಸು ಕಾಯ್ದೆಯಲ್ಲಿ ಅದಕ್ಕೆ ಬಾಗಿಲು ಹಾಕಿದರು. ಹಳೇ ವರ್ಷಗಳ ಮಟ್ಟಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ಟ್ರಸ್ಟ್‌ಗಳ ಪರ ಹೇಳಿತು, ಆದರೆ ಈಗ ಹಾಕಿಸುವವರಿಗೆ ಅದರಿಂದ ಏನೂ ಇಲ್ಲ.

ಎರಡನೆಯದು ಶುದ್ಧ ಗಣಿತ. ಡಿಪ್ರಿಸಿಯೇಶನ್ ಶೇ. 40 ಅಂದರೆ 100ರಲ್ಲಿ 40 ವಾಪಸ್ ಬರುತ್ತದೆ ಅಂತ ಅಲ್ಲ. ಲಾಭದಿಂದ 40 ಕಳೆದು ಉಳಿದದ್ದಕ್ಕೆ ತೆರಿಗೆ ಕಟ್ಟಿ ಅಂತ. ತೆರಿಗೆ ದರ ಶೇ. 25 ಅಂತ ಇಟ್ಟುಕೊಳ್ಳಿ. ಉಳಿಯೋದು 10. ಇದು ತೆರಿಗೆ ಕಟ್ಟುವ ಕಂಪನಿಗೇ ಇಷ್ಟು. ನಿಮಗೆ ಸೊನ್ನೆ. ಆ ಟೇಬಲ್‌ನಲ್ಲಿ 40 ಪೂರ್ತಿ ಕಳೆದಿದ್ದಾರಾ ನೋಡಿ.

ಕೊನೇಬೆಂಚು:
ಈಗಷ್ಟೇ ತೆಗೆದು ನೋಡಿದೆ. ಪೂರ್ತಿ 40 ಕಳೆದಿದ್ದಾರೆ. ಥೂ.

ಸುಮ್ನೆಕೇಳ್ದೆ:
ನನಗೆ ಲೆಕ್ಕ ಬರಲ್ಲ, ಕ್ಷಮಿಸಿ. ಹಾಗಾದರೆ ಆ ಶೇ. 40 ಯಾರಿಗೋಸ್ಕರ ಇಟ್ಟಿರೋದು?

ಜಮಾಖರ್ಚು:
ಲಾಭ ಮಾಡಿ ತೆರಿಗೆ ಕಟ್ಟುವವರಿಗೋಸ್ಕರ. ಕಾರ್ಖಾನೆ, ಹೋಟೆಲ್, ಆಫೀಸ್. ಮೊದಲು ಇದು ಶೇ. 80 ಇತ್ತು, 2017ರ ಏಪ್ರಿಲ್‌ನಿಂದ 40 ಆಯಿತು. 100ಕ್ಕೆ ಕೊಂಡ ಪ್ಲಾಂಟ್‌ನಲ್ಲಿ ಮೊದಲ ವರ್ಷ 40 ಕಳೆಯಬಹುದು. ಎರಡನೇ ವರ್ಷ ಉಳಿದ 60ರಲ್ಲಿ ಶೇ. 40, ಅಂದರೆ 24. ಮೂರನೇ ವರ್ಷ 14.4. ಮೂರೇ ವರ್ಷದಲ್ಲಿ 78.4 ಕಳೆದಾಯಿತು, ಶೇ. 25ರ ದರದಲ್ಲಿ ತೆರಿಗೆ ಉಳಿದದ್ದು 19.6. ಸಾಮಾನ್ಯ ಯಂತ್ರಕ್ಕೆ ಶೇ. 15 ಅಷ್ಟೇ. ಕೊನೆಗೆ ಎರಡೂ ಹೆಚ್ಚುಕಮ್ಮಿ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ, ಆದರೆ ಇಲ್ಲಿ ದುಡ್ಡು ಬೇಗ ಕೈಗೆ ಬರುತ್ತದೆ. ರಿಯಾಯಿತಿ ಅಂದರೆ ಆ "ಬೇಗ" ಅನ್ನೋದೇ.

ಸ್ಪ್ಯಾನರ್:
ನಾನು ಪ್ಲಾಂಟ್ ಕೂರಿಸುವ ಕೆಲಸದವನು. ಜಮಾಖರ್ಚು ಸರ್ ಹೇಳಿದ್ದು ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಆರ್ಥಿಕ ವರ್ಷದಲ್ಲಿ ಪ್ಲಾಂಟ್ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಆ ವರ್ಷ ಅರ್ಧ ಡಿಪ್ರಿಸಿಯೇಶನ್ ಮಾತ್ರ. ಹಾಗಾಗಿ ಸೆಪ್ಟೆಂಬರ್ ಬಂತು ಅಂದರೆ ನಮಗೆ ನಿದ್ದೆ ಇಲ್ಲ. ಮಾರ್ಚ್‌ನಲ್ಲಿ ಇನ್ನೊಂದು ಸಲ, ಅರ್ಧವಾದರೂ ಸಿಗಲಿ ಅಂತ ಓಡಿ ಬರುವವರದ್ದು. ಮಳೆಯಲ್ಲಿ ಟಾರ್ಪಾಲ್ ಹಿಡಿದುಕೊಂಡು ಅರ್ತಿಂಗ್ ಗುಂಡಿ ತೋಡಿಸಿದ್ದೇನೆ, ಯಾಕೆ ಅಂದರೆ ಯಾರದೋ ಬ್ಯಾಲೆನ್ಸ್ ಶೀಟ್‌ಗೆ ತಾರೀಕು ಬೇಕಿತ್ತು.

ಶಾಲೆಗಳಿಗೆ ನಾವು ಜಾಸ್ತಿ ಹಾಕೋದು ಇನ್ನೊಂದು ರೀತಿ. ರೆಸ್ಕೋ ಅಂತಾರೆ. ಶಾಲೆ ಬರೀ ತಾರಸಿ ಕೊಡುತ್ತದೆ. ಪ್ಲಾಂಟ್ ಒಂದು ಕಂಪನಿಯದ್ದು, ದುಡ್ಡೂ ಅವರದ್ದೇ. ಶಾಲೆ ಯೂನಿಟ್‌ಗೆ ಇಷ್ಟು ಅಂತ 15-25 ವರ್ಷ ಅವರಿಗೆ ಕಟ್ಟುತ್ತಾ ಹೋಗುತ್ತದೆ, ಬೋರ್ಡ್‌ನ ದರಕ್ಕಿಂತ ಕಡಿಮೆಗೆ. ಪ್ಲಾಂಟ್ ಕಂಪನಿಯ ಹೆಸರಲ್ಲಿರುವುದರಿಂದ ಡಿಪ್ರಿಸಿಯೇಶನ್ ಅವರಿಗೇ ಹೋಗುತ್ತದೆ.

ಬಿಸಿಲುಕುದುರೆ:
ಅಂದರೆ ಮಕ್ಕಳ ತಲೆ ಮೇಲಿನ ತಾರಸಿ ತೋರಿಸಿ ಕಂಪನಿ ತೆರಿಗೆ ಉಳಿಸಿಕೊಳ್ಳುತ್ತದೆ. ಚೆನ್ನಾಗಿದೆ ಮಾರಾಯ್ರೆ.

ಸ್ಪ್ಯಾನರ್:
ಅಣ್ಣಾ, ಅಷ್ಟು ಬಿರುಸಾಗಿ ಹೇಳಬೇಡಿ. ಇನ್ವರ್ಟರ್ ಹೋದರೆ ಅವರೇ ಬದಲಾಯಿಸಬೇಕು, ಹತ್ತು-ಹನ್ನೆರಡು ವರ್ಷಕ್ಕೆ ಅದು ಹೋಗೇ ಹೋಗುತ್ತದೆ. ಪ್ಯಾನೆಲ್ ತೊಳೆಯೋದೂ ಅವರೇ. ಶಾಲೆಯವರೇ ಹಾಕಿಸಿಕೊಂಡ ಎಷ್ಟೋ ಪ್ಲಾಂಟ್ ನೋಡಿದ್ದೇನೆ, ಎರಡು ವರ್ಷಕ್ಕೇ ಧೂಳು ಕೂತು, ಒಂದು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳು) ಕಟ್ ಆಗಿ, ಅದು ಯಾರಿಗೂ ಗೊತ್ತೇ ಆಗದೆ ಬಿದ್ದಿರುತ್ತದೆ. ಒಂದು ಕಡೆ ಹೋದಾಗ ಇನ್ವರ್ಟರ್ ರೂಮಿನಲ್ಲಿ ವಾರ್ಷಿಕೋತ್ಸವದ ಕಿರೀಟ, ಗದೆ, ಬಿಲ್ಲುಬಾಣ ಎಲ್ಲಾ ತುಂಬಿಸಿಟ್ಟಿದ್ದರು. ಗದೆಯ ಹಿಂದೆ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಎಷ್ಟು ತಿಂಗಳಿಂದ ಅಂತ ದೇವರಿಗೇ ಗೊತ್ತು. ಯೂನಿಟ್ ಬಂದರೆ ಮಾತ್ರ ದುಡ್ಡು ಅಂತ ಇದ್ದರೆ ಕಂಪನಿ ಅವತ್ತೇ ಓಡಿ ಬರುತ್ತಿತ್ತು.

ಗಡಿಯಾಚೆ:
ಅಮೆರಿಕದಿಂದ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಮಕ್ಕಳ ಶಾಲೆ ಇರುವ ಸ್ಕೂಲ್ ಡಿಸ್ಟ್ರಿಕ್ಟ್‌ನ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಸೌಲಭ್ಯ ಸಮಿತಿಯಲ್ಲಿ ಸ್ವಯಂಸೇವಕನಾಗಿದ್ದೇನೆ. ನಿಮ್ಮ ಖಜಾಂಚಿ ಕೇಳಿದ ಪ್ರಶ್ನೆಯೇ ಇಲ್ಲೂ ತುಂಬಾ ವರ್ಷ ಹಾಗೇ ಇತ್ತು. ಸ್ವಲ್ಪ ಉದ್ದ ಆಗುತ್ತದೆ.

ಇಲ್ಲಿ ಸೋಲಾರ್‌ಗೆ ಟ್ಯಾಕ್ಸ್ ಕ್ರೆಡಿಟ್ ಬಂದದ್ದು 1978ರಲ್ಲಿ. ಅದು ಶೇ. 30 ಆದದ್ದು 2005ರ ಕಾಯ್ದೆಯಿಂದ. ಕ್ರೆಡಿಟ್ ಅಂದರೆ ಲಾಭದಿಂದ ಕಳೆಯೋದಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯೋದು. 100 ಖರ್ಚಾದರೆ 30 ತೆರಿಗೆ ಮಾಫಿ. ಡಿಪ್ರಿಸಿಯೇಶನ್‌ಗಿಂತ ದೊಡ್ಡದು. ಆದರೆ ಸರ್ಕಾರಿ ಶಾಲೆ ತೆರಿಗೆ ಕಟ್ಟಲ್ಲ, ಚರ್ಚ್ ನಡೆಸುವ ಶಾಲೆಯೂ ಕಟ್ಟಲ್ಲ. ಮಾಫಿ ಮಾಡೋಕೆ ತೆರಿಗೆಯೇ ಇಲ್ಲ. ಅದಕ್ಕೆ ಇಲ್ಲೂ ನಿಮ್ಮ ರೆಸ್ಕೋ ತರಹದ್ದೇ ನಡೆಯುತ್ತಿತ್ತು. ಹೂಡಿಕೆದಾರರು ಪ್ಲಾಂಟ್ ಇಟ್ಟುಕೊಂಡು ಕ್ರೆಡಿಟ್ ತೆಗೆದುಕೊಳ್ಳುವುದು, ಶಾಲೆ ಕರೆಂಟ್ ಕೊಳ್ಳುವುದು. ಇದರಲ್ಲಿ ಒಂದು ತಮಾಷೆ ಇದೆ. ಅದೇ ಪ್ಲಾಂಟನ್ನು ಶಾಲೆಗೆ ಬಾಡಿಗೆಗೆ ಕೊಟ್ಟರೆ ಕ್ರೆಡಿಟ್ ಹೋಗುತ್ತದೆ, ಯಾಕೆ ಅಂದರೆ ತೆರಿಗೆ ಕಟ್ಟದವರಿಗೆ ಬಾಡಿಗೆ ಕೊಟ್ಟ ಆಸ್ತಿಗೆ ಅದು ಇಲ್ಲ. ಕರೆಂಟ್ ಮಾರುತ್ತೇವೆ ಅಂದರೆ ಸಿಗುತ್ತದೆ. ಪ್ಯಾನೆಲ್ ಅದೇ, ತಾರಸಿ ಅದೇ, ಕಾಗದದ ಮೇಲಿನ ಕ್ರಿಯಾಪದ ಮಾತ್ರ ಬೇರೆ.

2022ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ಇದನ್ನು ಬದಲಾಯಿಸಿತು. "ಡೈರೆಕ್ಟ್ ಪೇ" ಅಂತ ಒಂದು ದಾರಿ ಮಾಡಿದರು. ತೆರಿಗೆ ಕಟ್ಟದ ಸಂಸ್ಥೆಯೂ ರಿಟರ್ನ್ ಹಾಕಬಹುದು. ಆ ಶೇ. 30ನ್ನು ಅದು ಆಗಲೇ ಕಟ್ಟಿದ ತೆರಿಗೆ ಅಂತ ಭಾವಿಸಿ ಸರ್ಕಾರ ವಾಪಸ್ ಕೊಡುತ್ತದೆ. ಚೆಕ್ ಬರುತ್ತದೆ, ನಿಜವಾದ ಚೆಕ್. ಆಗ ಮೊದಲ ಬಾರಿಗೆ ಶಾಲೆ ತಾನೇ ಪ್ಲಾಂಟ್ ಇಟ್ಟುಕೊಂಡರೂ ರಿಯಾಯಿತಿ ಸಿಗುವ ಹಾಗಾಯಿತು.

ಸುಮ್ನೆಕೇಳ್ದೆ:
ಕಟ್ಟದೇ ಇರೋ ತೆರಿಗೆನ ವಾಪಸ್ ಕೊಡ್ತಾರಾ! ನಮ್ಮಮ್ಮನಿಗೆ ಹೇಳಿದರೆ ನಂಬಲ್ಲ.

ಗಡಿಯಾಚೆ:
ನಮ್ಮ ಸಮಿತಿಯಲ್ಲೂ ಒಬ್ಬರು ನಂಬಲಿಲ್ಲ, ಇದು ಯಾವುದೋ ಮೋಸದ ಇಮೇಲ್ ಅಂದುಕೊಂಡಿದ್ದರು. ಆದರೆ ಸಲೀಸಲ್ಲ. ಜನ್ಮದಲ್ಲಿ ರಿಟರ್ನ್ ಹಾಕದ ಡಿಸ್ಟ್ರಿಕ್ಟ್ ಈಗ 990-ಟಿ ಅನ್ನೋ ಫಾರ್ಮ್ ತುಂಬಬೇಕು. ಅದಕ್ಕೂ ಮೊದಲು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಪ್ರತಿ ಪ್ಲಾಂಟ್‌ಗೂ ನೋಂದಣಿ ಸಂಖ್ಯೆ ಪಡೆಯಬೇಕು. ಪ್ಲಾಂಟ್ ಚಾಲೂ ಆಗಿ, ವರ್ಷ ಮುಗಿದು, ರಿಟರ್ನ್ ಹಾಕಿ, ಆಮೇಲೆ ದುಡ್ಡು. ಅಲ್ಲಿವರೆಗೆ ಪೂರ್ತಿ 100 ಶಾಲೆಯೇ ಹೊಂದಿಸಬೇಕು. ವರ್ಷದ ಮೇಲೆ ಎಷ್ಟು ತಿಂಗಳಿಗೆ ಸಾಲ ಬೇಕು, ಅದಕ್ಕೆ ಬಡ್ಡಿ ಎಷ್ಟು ಅಂತ ಲೆಕ್ಕ ಹಾಕದೆ ಶುರು ಮಾಡಿದವರು ಆಮೇಲೆ ಪರದಾಡಿದ್ದಾರೆ. ಬಡ್ಡಿಗೆ ತೆರಿಗೆ ಇಲ್ಲದ ಬಾಂಡ್ ಮೂಲಕ ಸಾಲ ಎತ್ತಿ ಕಟ್ಟಿಸಿದರೆ ಕ್ರೆಡಿಟ್‌ನಲ್ಲಿ ಶೇ. 15ರವರೆಗೆ ಕಡಿತ. ಐದು ವರ್ಷದೊಳಗೆ ಪ್ಲಾಂಟ್ ಮಾರಿದರೆ ಕ್ರೆಡಿಟ್ ಆಗಿ ಬಂದ ದುಡ್ಡಿನಲ್ಲಿ ಒಂದಷ್ಟು ವಾಪಸ್ ಕೊಡಬೇಕು, ವರ್ಷ ಕಳೆದಂತೆ ಶೇ. 20ರಂತೆ ಕರಗುತ್ತಾ ಹೋಗುತ್ತದೆ.

1 ಮೆಗಾವ್ಯಾಟ್ ಅನ್ನೋದು ಇಲ್ಲಿನ ದೊಡ್ಡ ಗಡಿ. ಅದಕ್ಕಿಂತ ಚಿಕ್ಕದಾದರೆ ನೇರ ಶೇ. 30. ದೊಡ್ಡದಾದರೆ ಮೂಲ ದರ ಶೇ. 6 ಮಾತ್ರ. ಕೆಲಸಗಾರರಿಗೆ ನಿಗದಿ ಕೂಲಿ ಕೊಟ್ಟು, ಕಲಿಯುವ ಹುಡುಗರಿಗೂ ಕೆಲಸ ಕೊಟ್ಟು, ಅದಕ್ಕೆ ದಾಖಲೆ ಇಟ್ಟರೆ 30ಕ್ಕೆ ಏರುತ್ತದೆ. ಒಂದೇ ಕಟ್ಟಡದ ಶಾಲೆ ಸಾಮಾನ್ಯವಾಗಿ ಈ ಗಡಿಯ ಒಳಗೇ ಇರುತ್ತದೆ.

ಬಿಸಿಲುಕುದುರೆ:
ಇದೆಲ್ಲಾ ಇನ್ನೂ ಇದೆಯಾ? ಹೊಸ ಸರ್ಕಾರ ಬಂದು ಕಿತ್ತು ಹಾಕಿತು ಅಂತ ಕೇಳಿದ್ದೆ.

ಗಡಿಯಾಚೆ:
ಡೈರೆಕ್ಟ್ ಪೇ ಅನ್ನೋ ದಾರಿಯನ್ನು ಮುಚ್ಚಲಿಲ್ಲ. ಆದರೆ ಆ ದಾರಿಯಲ್ಲಿ ಬರಬೇಕಾದ ಸೋಲಾರ್ ಕ್ರೆಡಿಟ್‌ಗೇ ಕತ್ತರಿ ಬಿತ್ತು. 2025ರ ಜುಲೈ 4ರ ಕಾಯ್ದೆ ಪ್ರಕಾರ 2026ರ ಜುಲೈ 4ರೊಳಗೆ ಕೆಲಸ ಶುರು ಮಾಡಿದ ಪ್ಲಾಂಟ್‌ಗಳಿಗೆ ಮುಗಿಸಲು ಕಾಲಾವಕಾಶ ಇದೆ. ಆ ದಿನ ದಾಟಿ ಶುರುವಾದವು 2027ರ ಕೊನೆಯೊಳಗೆ ಚಾಲೂ ಆಗಲೇಬೇಕು, ಇಲ್ಲದಿದ್ದರೆ ಏನೂ ಇಲ್ಲ. 2026ರಿಂದ ಶುರುವಾದ ಕೆಲಸಗಳಿಗೆ ಚೀನಾ ಮೊದಲಾದ ದೇಶಗಳ ಸಾಮಾನು ಎಷ್ಟಿದೆ ಅನ್ನೋ ಲೆಕ್ಕವೂ ಕೊಡಬೇಕು. ಬ್ಯಾಟರಿಯ ಕ್ರೆಡಿಟ್‌ಗೆ ಇನ್ನೂ ಜಾಸ್ತಿ ಆಯುಸ್ಸು ಇದೆ.

ಶಾಲೆಗೆ ಇದು ಯಾಕೆ ಕಷ್ಟ ಅಂದರೆ, ಶಾಲೆ ನಿಧಾನ. ಸಭೆ, ಟೆಂಡರ್, ಮತ್ತೆ ಸಭೆ. ತಾರಸಿ ಮೇಲೆ ದೊಡ್ಡ ಕೆಲಸ ಮಾಡೋಕೆ ಬೇಸಿಗೆ ರಜೆಯೇ ಬೇಕು. ಒಂದು ರಜೆ ತಪ್ಪಿದರೆ ಒಂದು ವರ್ಷ ಹೋಯಿತು. ಕಾರ್ಖಾನೆಯವರು ಆರು ವಾರದಲ್ಲಿ ಮಾಡೋದನ್ನು ನಾವು ಎರಡು ವರ್ಷ ಮಾಡುತ್ತೇವೆ. ಕೊನೆ ತಾರೀಕು ಇರುವ ಯಾವ ರಿಯಾಯಿತಿಯೂ ಶಾಲೆಯ ಕ್ಯಾಲೆಂಡರ್ ನೋಡಿ ಬರೆದದ್ದಲ್ಲ.

ಮಂಜುಮುಸುಕು:
ಬ್ರಿಟನ್‌ನಲ್ಲಿದ್ದೇನೆ. ನಮ್ಮಲ್ಲಿ ಉಲ್ಟಾ ಕಥೆಯೂ ನಡೆದಿದೆ. ರಿಯಾಯಿತಿ ಇರಲಿ, ಪ್ಯಾನೆಲ್ ಹಾಕಿದ್ದಕ್ಕೆ ತೆರಿಗೆ ಏರಿತು. ಇಲ್ಲಿ ಮನೆ ಅಲ್ಲದ ಕಟ್ಟಡಗಳಿಗೆ ಬಿಸಿನೆಸ್ ರೇಟ್ಸ್ ಅಂತ ಆಸ್ತಿ ತೆರಿಗೆ ಇದೆ, ಶಾಲೆಗೂ ಇದೆ. 2017ರಲ್ಲಿ ಮರುಮೌಲ್ಯಮಾಪನ ಮಾಡಿದಾಗ ಸ್ವಂತ ಬಳಕೆಗೆ ಹಾಕಿಸಿದ ತಾರಸಿ ಸೋಲಾರ್ ಮೇಲಿನ ತೆರಿಗೆ ಒಂದೇ ಏಟಿಗೆ ಏರಿತು. ಚಾರಿಟಿ ಅಂತ ನೋಂದಣಿಯಾದ ಖಾಸಗಿ ಶಾಲೆಗಳಿಗೆ ಅಷ್ಟಾಗಿ ಬಿಸಿ ತಟ್ಟಲಿಲ್ಲ, ಕೌನ್ಸಿಲ್ ನಡೆಸುವ ಸರ್ಕಾರಿ ಶಾಲೆಗಳಿಗೆ ತಟ್ಟಿತು. ದೊಡ್ಡ ಗಲಾಟೆಯೇ ಆಯಿತು. 2022ರ ಏಪ್ರಿಲ್‌ನಿಂದ ಇಂಗ್ಲೆಂಡ್‌ನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟರು, 2035ರವರೆಗೆ.

ಹಾಗಾಗಿ ಆದಾಯ ತೆರಿಗೆ ಒಂದನ್ನೇ ನೋಡಬೇಡಿ. ಕಟ್ಟಡದ ಮೇಲಿನ ತೆರಿಗೆ, ಖರೀದಿ ಮೇಲಿನ ತೆರಿಗೆ ಎರಡನ್ನೂ ಕೇಳಿ.

ಜಮಾಖರ್ಚು:
ಇವರು ನೆನಪಿಸಿದ್ದು ಒಳ್ಳೆಯದಾಯಿತು. ಭಾರತದಲ್ಲಿ ಶಾಲೆಗೆ ನಿಜವಾಗಿ ತಾಗುವ ತೆರಿಗೆ ಆದಾಯ ತೆರಿಗೆ ಅಲ್ಲ, ಜಿಎಸ್‌ಟಿ. ಕಾರ್ಖಾನೆಯವರು ಪ್ಯಾನೆಲ್ ಮೇಲೆ ಜಿಎಸ್‌ಟಿ ಕಟ್ಟಿದರೆ ತಾವು ಮಾರುವ ಸರಕಿನ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಶಾಲೆಯ ಫೀಸ್‌ಗೆ ಜಿಎಸ್‌ಟಿ ಇಲ್ಲ, ಹಾಗಾಗಿ ವಜಾ ಮಾಡಿಕೊಳ್ಳಲು ಏನೂ ಇಲ್ಲ. ಕಟ್ಟಿದ್ದು ಪೂರ್ತಿ ಖರ್ಚು. ವಿನಾಯಿತಿ ಇದೆ ಅಂತ ಖುಷಿ ಪಡುವ ಜಾಗದಲ್ಲೇ ಪೆಟ್ಟು ಬೀಳೋದು.

ಪ್ಯಾನೆಲ್ ಮೇಲೆ 2021ರ ಅಕ್ಟೋಬರ್‌ನಿಂದ ಶೇ. 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 5. ಆದರೆ ಪೂರ್ತಿ ಪ್ಲಾಂಟ್ ಕಟ್ಟಿಕೊಡುವ ಗುತ್ತಿಗೆಯಲ್ಲಿ ಬೆಲೆಯ ಶೇ. 70 ಸಾಮಾನು, ಶೇ. 30 ಸೇವೆ ಅಂತ ಹಿಡಿಯುತ್ತಾರೆ. ಸೇವೆಗೆ ಶೇ. 18. ಎರಡೂ ಸೇರಿ ಮೊದಲು ಶೇ. 13.8 ಬೀಳುತ್ತಿತ್ತು, ಈಗ 8.9. ವಜಾ ಮಾಡಿಕೊಳ್ಳುವವರಿಗೆ ಈ ಇಳಿಕೆ ಬರೀ ಕಾಗದದ ಮೇಲೆ, ಶಾಲೆಗೆ ನಿಜವಾದ ದುಡ್ಡು. ನಿಮ್ಮ ಕೊಟೇಶನ್ ಯಾವ ತಾರೀಕಿನದು?

ಕೊನೇಬೆಂಚು:
ತಾರೀಕು ಹೊಸದು. ಆದರೆ ಒಳಗೆ ಜಿಎಸ್‌ಟಿ ಶೇ. 13.8 ಅಂತಲೇ ಇದೆ! ಹಳೇ ಫೈಲಿಗೆ ಹೊಸ ತಾರೀಕು ಹಾಕಿ ಕಳಿಸಿದ್ದಾರೆ. ಈ ಚರ್ಚೆ ಶುರು ಮಾಡಿದ್ದಕ್ಕೆ ಇದೊಂದೇ ಸಾಕು.

ಬಿಸಿಲುಕುದುರೆ:
ನಾನು ಮೊದಲಿಂದ ಹೇಳಬೇಕು ಅಂತಿದ್ದದ್ದು ಇದು. ಸರ್ಕಾರಕ್ಕೆ ಶಾಲೆಗೆ ಸೋಲಾರ್ ಬೇಕು ಅಂತ ಇದ್ದರೆ ನೇರ ದುಡ್ಡು ಕೊಡಲಿ. ಈ ತೆರಿಗೆ ಸರ್ಕಸ್ ಯಾಕೆ? ತೆರಿಗೆ ರಿಯಾಯಿತಿಯೂ ಸರ್ಕಾರದ ದುಡ್ಡೇ ತಾನೆ, ಬರೀ ಬಜೆಟ್‌ನಲ್ಲಿ ಖರ್ಚು ಅಂತ ಕಾಣಲ್ಲ ಅಷ್ಟೇ. ಮಧ್ಯೆ ಆಡಿಟರ್, ವಕೀಲ, ಹೂಡಿಕೆದಾರ ಎಲ್ಲರೂ ಒಂದೊಂದು ತುತ್ತು ತಿಂದು, ಉಳಿದದ್ದು ಶಾಲೆಗೆ. ಪಿಎಂ ಸೂರ್ಯ ಘರ್ ನೋಡಿ, 2024ರ ಫೆಬ್ರವರಿಯಲ್ಲಿ ಬಂತು, ಮನೆಗಳಿಗೆ ನೇರ ಸಬ್ಸಿಡಿ, ಬ್ಯಾಂಕ್ ಖಾತೆಗೆ ಬರುತ್ತದೆ, ಯಾರಿಗೂ ತೆರಿಗೆ ಕಾನೂನು ಓದೋ ಅಗತ್ಯ ಇಲ್ಲ. ಆದರೆ ಅದು ಮನೆಗಳಿಗೆ, ಶಾಲೆಗೆ ಅಲ್ಲ.

ಕಾಂಗರೂಸೀಮೆ:
ಆಸ್ಟ್ರೇಲಿಯಾದಲ್ಲಿ ಹೆಚ್ಚುಕಮ್ಮಿ ಹಾಗೇ ಮಾಡಿದ್ದಾರೆ. 100 ಕಿಲೋವ್ಯಾಟ್‌ವರೆಗಿನ ಪ್ಲಾಂಟ್‌ಗೆ ಸರ್ಟಿಫಿಕೇಟ್ ಸಿಗುತ್ತದೆ, ಪ್ಲಾಂಟ್ ಕೂರಿಸುವವನೇ ಅದನ್ನು ಇಟ್ಟುಕೊಂಡು ಬಿಲ್‌ನಲ್ಲಿ ಕಡಿಮೆ ಮಾಡುತ್ತಾನೆ. ಅದನ್ನು ಕೊಳ್ಳಲೇಬೇಕಾದವರು ಕರೆಂಟ್ ಮಾರುವ ಕಂಪನಿಗಳು. ಮನೆ, ಅಂಗಡಿ, ಶಾಲೆ, ಯಾರಾದರೂ ಒಂದೇ. ತೆರಿಗೆ ಕಟ್ಟುತ್ತೀರಾ ಅಂತ ಯಾರೂ ಕೇಳಲ್ಲ. ಅದಕ್ಕೇ ಇಲ್ಲಿ 99.9 ಕಿಲೋವ್ಯಾಟ್‌ನ ಪ್ಲಾಂಟ್‌ಗಳು ಕಂಡ ಕಂಡಲ್ಲಿ. 2030ಕ್ಕೆ ಯೋಜನೆ ಮುಗಿಯುತ್ತದೆ, ವರ್ಷ ವರ್ಷ ಸರ್ಟಿಫಿಕೇಟ್ ಕಡಿಮೆ ಆಗುತ್ತಾ ಹೋಗುತ್ತದೆ.

ಗಡಿಯಾಚೆ:
ಬಿಸಿಲುಕುದುರೆ ಅವರ ಮಾತು ಅರ್ಧ ಒಪ್ಪುತ್ತೇನೆ. ಆದರೆ ನೇರ ಸಬ್ಸಿಡಿಗೆ ಪ್ರತಿ ವರ್ಷ ಬಜೆಟ್ ಬೇಕು, ಬಜೆಟ್ ಮುಗಿದರೆ ಸಾಲಿನಲ್ಲಿ ಕಾಯಬೇಕು, ಯಾವ ಶಾಲೆಗೆ ಅಂತ ಯಾರೋ ಆರಿಸಬೇಕು. ತೆರಿಗೆ ಕ್ರೆಡಿಟ್‌ಗೆ ಸಾಲು ಇಲ್ಲ, ನಿಯಮಕ್ಕೆ ಹೊಂದಿದ ಎಲ್ಲರಿಗೂ ಸಿಗುತ್ತದೆ. ಕಿತ್ತು ಹಾಕಬೇಕಾದರೂ ಸಂಸತ್ತಿನಲ್ಲಿ ಕಾಯ್ದೆಯೇ ಬೇಕು. ಹಾಗೆ ಹಾಕಿದರು ಅನ್ನೋದು ಬೇರೆ ಮಾತು, ಹ್ಹೆಹ್ಹೆ.

ಇನ್ನೊಂದು. ಎಲ್ಲಾ ತೆರಿಗೆಯಿಂದಲೇ ಆಗಬೇಕು ಅಂತಿಲ್ಲ. ಅರ್ಕಾನ್ಸಾ ರಾಜ್ಯದ ಬೇಟ್ಸ್‌ವಿಲ್ ಅನ್ನೋ ಚಿಕ್ಕ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ ಡೈರೆಕ್ಟ್ ಪೇ ಬರುವ ಎಷ್ಟೋ ಮೊದಲೇ 1,400ಕ್ಕೂ ಜಾಸ್ತಿ ಪ್ಯಾನೆಲ್ ಹಾಕಿಸಿ, ಉಳಿದ ದುಡ್ಡಿನಲ್ಲಿ ಮೇಷ್ಟ್ರುಗಳ ಸಂಬಳ ಏರಿಸಿತು. ಎಲ್ಲರೂ ಪ್ಯಾನೆಲ್ ಫೋಟೋನೇ ತೋರಿಸುತ್ತಾರೆ. ಆದರೆ ಅವರು ಮೊದಲು ಮಾಡಿಸಿದ್ದು ಎನರ್ಜಿ ಆಡಿಟ್. ದೀಪ, ಕಿಟಕಿ ಬದಲಾಯಿಸಿದ್ದೂ ಆ ಉಳಿತಾಯದಲ್ಲಿ ಸೇರಿದೆ.

ಸುಮ್ನೆಕೇಳ್ದೆ:
ಹಳೇ ವಿದ್ಯಾರ್ಥಿಗಳು ಸೇರಿ ಪ್ಯಾನೆಲ್ ಕೊಡಿಸಿದರೆ? ಅವರಿಗೆ ದಾನದ ರಿಯಾಯಿತಿ ಸಿಗುತ್ತದಲ್ವಾ?

ಜಮಾಖರ್ಚು:
ಒಳ್ಳೇ ಪ್ರಶ್ನೆ. 80ಜಿ ಅಂತ ಎಲ್ಲರ ಬಾಯಲ್ಲೂ ಇರೋದು ಅದೇ. ಆದರೆ ದುಡ್ಡು ಕೊಟ್ಟರೆ ಮಾತ್ರ. ಪ್ಯಾನೆಲ್ಲನ್ನೇ ಲಾರಿಯಲ್ಲಿ ತಂದು ಇಳಿಸಿದರೆ ಸಿಗಲ್ಲ. ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಆಗಿ ಟ್ರಸ್ಟ್ ರಸೀದಿ ಕೊಡಬೇಕು, ಆಮೇಲೆ ಟ್ರಸ್ಟ್ ಪ್ಯಾನೆಲ್ ಕೊಳ್ಳಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ಕಡಿತವೇ ಇಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಕೇಳಬಹುದು, ಶಿಕ್ಷಣ ಮತ್ತು ಪರಿಸರ ಎರಡೂ ಆ ಪಟ್ಟಿಯಲ್ಲಿವೆ. ಅವರು ಅದನ್ನು ವ್ಯಾಪಾರದ ಖರ್ಚು ಅಂತ ಕಳೆಯುವ ಹಾಗಿಲ್ಲ. ಆದರೆ ಕಾಯ್ದೆ ಪ್ರಕಾರ ಹೇಗೂ ಖರ್ಚು ಮಾಡಲೇಬೇಕಾದ ದುಡ್ಡು, ಹಾಗಾಗಿ ತೆರಿಗೆ ಆಸೆ ತೋರಿಸುವ ಅಗತ್ಯವೂ ಇಲ್ಲ.

ಕೊನೇಬೆಂಚು:
ಎರಡು ವಾರ ಆದ ಮೇಲೆ ವಾಪಸ್ ಬಂದಿದ್ದೇನೆ. ಕೊಟೇಶನ್ ವಾಪಸ್ ಕಳಿಸಿದೆವು. ಈಗ ರೆಸ್ಕೋ ಆಫರ್ ಕೊಟ್ಟಿದ್ದಾರೆ. 25 ವರ್ಷದ ಒಪ್ಪಂದ. ಮೊದಲ ವರ್ಷದ ಯೂನಿಟ್ ದರ ನಿಜಕ್ಕೂ ಕಡಿಮೆ ಇದೆ. ವರ್ಷಕ್ಕೆ ಶೇ. 3 ಏರಿಕೆ. ಮಂಡಳಿಯವರು ಶೇ. 3 ತಾನೆ ಅಂತ ಒಪ್ಪುವ ಹಾಗೆ ಕಾಣುತ್ತಾರೆ.

ಜಮಾಖರ್ಚು:
ಶೇ. 3 ಅಂದರೆ 25ನೇ ವರ್ಷದ ದರ ಮೊದಲ ವರ್ಷದ ಎರಡರಷ್ಟು. ಪೆನ್ಸಿಲ್ ಕೊಡಿ ಖಜಾಂಚಿಯವರ ಕೈಗೆ. ಅವರ ಪ್ಲಾಂಟ್‌ನ ಖರ್ಚು ಶೇ. 3 ಏರಲ್ಲ. ಬಿಸಿಲಿಗೆ ಬೆಲೆ ಏರಿಕೆ ಇಲ್ಲವಲ್ಲ. ಮೂರು ವರ್ಷದಲ್ಲಿ ಅವರಿಗೆ ಡಿಪ್ರಿಸಿಯೇಶನ್‌ನಿಂದ 100ಕ್ಕೆ ಸುಮಾರು 20 ಬಂದಿರುತ್ತದೆ ಅಂತ ಮೇಲೆ ಲೆಕ್ಕ ಹಾಕಿದೆವು. ಆ 20ರಲ್ಲಿ ನಮಗೆಷ್ಟು ಅಂತ ಬಾಯಿಬಿಟ್ಟು ಕೇಳಿ. ಏರಿಕೆ ತೆಗೆಯಿರಿ, ಇಲ್ಲದಿದ್ದರೆ ಅವಧಿ ಕಡಿಮೆ ಮಾಡಿ, ಇಲ್ಲದಿದ್ದರೆ ಹತ್ತನೇ ವರ್ಷಕ್ಕೆ ಪ್ಲಾಂಟನ್ನು ನಮಗೆ ಬಿಡುವ ಬೆಲೆ ಈಗಲೇ ಬರೆದು ಕೊಡಿ ಅನ್ನಿ. ಯಾವುದಾದರೂ ಒಂದರಲ್ಲಿ ಆ ರಿಯಾಯಿತಿ ನಿಮ್ಮ ಕಡೆ ಬರಬೇಕು. ಬಂದಿಲ್ಲ ಅಂದರೆ ಅದು ಪೂರ್ತಿ ಅವರಲ್ಲೇ ಉಳಿದಿದೆ ಅಂತ ಅರ್ಥ. ಜಿಎಸ್‌ಟಿಯೂ ನೆನಪಿರಲಿ, ಕರೆಂಟ್ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಅವರಿಗೂ ವಜಾ ಇಲ್ಲ. ಅದನ್ನು ಯೂನಿಟ್ ದರದಲ್ಲಿ ಸೇರಿಸಿಯೇ ಇರುತ್ತಾರೆ. ಹಳೇ ದರ ಸೇರಿಸಿದ್ದಾರಾ, ಹೊಸದಾ ಕೇಳಿ.

ಸ್ಪ್ಯಾನರ್:
ನನ್ನ ಕಡೆಯಿಂದಲೂ ಮೂರು ಮಾತು. "ಉತ್ಪಾದನೆಯಾದ ಯೂನಿಟ್" ಅಂತ ಇದೆಯಾ "ಬಳಸಿದ ಯೂನಿಟ್" ಅಂತ ಇದೆಯಾ ನೋಡಿ. ಬೇಸಿಗೆಯಲ್ಲಿ ಬಿಸಿಲು ಜೋರು, ನಿಮ್ಮ ಶಾಲೆಗೆ ರಜೆ. ಫ್ಯಾನ್ ಇಲ್ಲ, ಪಂಪ್ ಇಲ್ಲ, ಕರೆಂಟ್ ಎಲ್ಲಾ ಗ್ರಿಡ್‌ಗೆ ಹೋಗುತ್ತದೆ. ಅದಕ್ಕೆ ಗ್ರಿಡ್‌ನವರು ಕೊಡೋದು ಕಡಿಮೆ, ನೀವು ಕಂಪನಿಗೆ ಕೊಡೋದು ಜಾಸ್ತಿ ಆದರೆ ರಜೆಯ ಎರಡು ತಿಂಗಳು ನೀವೇ ಕೈಯಿಂದ ಹಾಕಬೇಕು. 60 ಕಿಲೋವ್ಯಾಟ್ ಬೇಕಾ, 35 ಸಾಕಾ ಅಂತ ಹಿಂದಿನ ಹನ್ನೆರಡು ತಿಂಗಳ ಬಿಲ್ ಸಾಲಾಗಿ ಇಟ್ಟು ನೋಡಿ.

ಆಮೇಲೆ ತಾರಸಿ. ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ಜಾಗ ಅಂತ ಹಿಡಿದರೂ 600 ಚದರ ಮೀಟರ್ ಬೇಕು. ನೆರಳು ಇಲ್ಲದ ಜಾಗ. ನೀರಿನ ಟ್ಯಾಂಕ್ ಎಲ್ಲಿದೆ? ಮೂರನೆಯದು, ತಾರಸಿಗೆ ವಯಸ್ಸೆಷ್ಟು? ಪ್ಯಾನೆಲ್ 25 ವರ್ಷ ಕೂರುತ್ತದೆ. ಮಧ್ಯದಲ್ಲಿ ಸೋರಿದರೆ ಎಲ್ಲಾ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕೂರಿಸುವ ಖರ್ಚು ಯಾರದ್ದು ಅಂತ ಒಪ್ಪಂದದಲ್ಲಿ ಇರಲೇಬೇಕು. ಹುಡುಕಿ ನೋಡಿ, ಸಣ್ಣ ಅಕ್ಷರದಲ್ಲಿ ಇರುತ್ತದೆ.

ಕೊನೇಬೆಂಚು:
ಹುಡುಕಿದೆ. ನಿಜವಾಗಿ ಸಣ್ಣ ಅಕ್ಷರ. ಖರ್ಚು ಶಾಲೆಯದ್ದು, ಬಿಚ್ಚಿಟ್ಟ ದಿನಗಳ ಯೂನಿಟ್ ನಷ್ಟವೂ ಶಾಲೆಯದ್ದೇ.

ನಿನ್ನೆ ಖಜಾಂಚಿಯವರು, ನಾನು, ಕಾವಲುಗಾರ ಮೂವರೂ ತಾರಸಿ ಹತ್ತಿದೆವು. ನೀರಿನ ಟ್ಯಾಂಕ್ ದಕ್ಷಿಣಕ್ಕೇ ಇದೆ, ನೆರಳು ನೇರ ಮಧ್ಯಕ್ಕೆ ಬೀಳುತ್ತದೆ. ಪೂರ್ವದ ಮೂಲೆಯಲ್ಲಿ ಪ್ಲಾಸ್ಟರ್ ಎದ್ದು ಪಾಚಿ ಕಟ್ಟಿದೆ. ಅದರ ಕೆಳಗೆ ಸರಿಯಾಗಿ ಏಳನೇ ತರಗತಿ. ಮಳೆಗಾಲದಲ್ಲಿ ಅಲ್ಲಿ ಬಕೆಟ್ ಇಡುತ್ತಾರಂತೆ, ನನಗೆ ಗೊತ್ತೇ ಇರಲಿಲ್ಲ. ಖಜಾಂಚಿಯವರು ಪಾಚಿ ಮೇಲೆ ಚಪ್ಪಲಿ ಉಜ್ಜಿ ನೋಡಿ, "ಇದಕ್ಕೇನಾದ್ರೂ ರಿಯಾಯಿತಿ ಇದೆಯಾ ಕೇಳಿ ನಿಮ್ಮವರನ್ನ" ಅಂದರು.

ಗಡಿಯಾಚೆ:
ಇಲ್ಲ ಅಂತ ಹೇಳಿ. ಇಲ್ಲೂ ಸಾಮಾನ್ಯವಾಗಿ ತಾರಸಿ ರಿಪೇರಿಯ ಖರ್ಚನ್ನು ಸೋಲಾರ್ ಕ್ರೆಡಿಟ್‌ಗೆ ಸೇರಿಸೋ ಹಾಗಿಲ್ಲ.

ಜಮಾಖರ್ಚು:
ಶೇ. 85ರ ಲೆಕ್ಕಕ್ಕೆ ಸೇರುತ್ತದೆ, ಅಷ್ಟೇ. ಬಕೆಟ್ ಕೂಡ ಸೇರುತ್ತದೆ.

ಕೊನೇಬೆಂಚು:
ಆಯಿತು. ಈ ರಜೆಯಲ್ಲಿ ವಾಟರ್‌ಪ್ರೂಫಿಂಗ್. 35 ಕಿಲೋವ್ಯಾಟ್‌ಗೆ ಹೊಸ ಕೊಟೇಶನ್ ಮೂರು ಕಡೆಯಿಂದ ಕೇಳಿದ್ದೇವೆ, ಏಳನೇ ಪುಟ ಬೇಡ ಅಂತ ಹೇಳಿಯೇ ಕೇಳಿದ್ದೇವೆ. ಬಂದ ಮೇಲೆ ಇಲ್ಲೇ ಹಾಕುತ್ತೇನೆ.